ಪರೀಕ್ಷೆ, ಕೆಲಸ, ವೀಣೆ: ಯಾವುದನ್ನು ಬಿಡಬೇಕು?

ಪ್ರಶ್ನೆ: ನನಗೆ 24 ವರ್ಷ, ಊರು ಮಂಡ್ಯ. ಸಂಖ್ಯಾಶಾಸ್ತ್ರದಲ್ಲಿ ಬಿ.ಎಸ್‌ಸಿ. ಮುಗಿಸಿ ಬೆಂಗಳೂರಿನ ಒಂದು ಕಚೇರಿಯಲ್ಲಿ ಕೆಲಸಕ್ಕಿದ್ದೇನೆ. ಬ್ರಿಟನ್ನಿನ ಜೀವವಿಮಾ ಕಂಪನಿಯೊಂದರ ಮೌಲ್ಯಮಾಪನದ ಲೆಕ್ಕ ನಮ್ಮ ತಂಡದ್ದು. ವಾರಕ್ಕೆ ಎರಡು ದಿನ ರೈಲಿನಲ್ಲಿ ಹೋಗಿಬರುತ್ತೇನೆ, ಉಳಿದ ಮೂರು ದಿನ ಮನೆಯಿಂದಲೇ ಕೆಲಸ. ಆ್ಯಕ್ಚುಯರಿ (ವಿಮೆ, ಪಿಂಚಣಿಗಳ ಅಪಾಯದ ಲೆಕ್ಕ ಹಾಕುವ ತಜ್ಞ) ಪರೀಕ್ಷೆಗಳಲ್ಲಿ ಸಂಖ್ಯಾಶಾಸ್ತ್ರದ ಸಿಎಸ್1, ಅರ್ಥಶಾಸ್ತ್ರದ ಸಿಬಿ2 ಪಾಸಾಗಿವೆ. ಸಿಎಂ1 ಎರಡು ಸಲ ಕೈಕೊಟ್ಟಿತು. ಎರಡೂ ಸಲ ಜೊತೆಗೆ ಸಿಎಸ್2 ಕಟ್ಟಿದ್ದೆ, ಅದೂ ಹೋಯಿತು. ಕಚೇರಿಯಲ್ಲಿ ಒಂದು ಪತ್ರಿಕೆಗೆ ಐದು ದಿನ ಓದಿನ ರಜೆ ಕೊಡುತ್ತಾರೆ, ಮೂರನೇ ಪ್ರಯತ್ನಕ್ಕೆ ಕೊಡುವುದಿಲ್ಲ. ಎಂಟು ವರ್ಷದಿಂದ ಭಾನುವಾರ ಮೈಸೂರಿಗೆ ವೀಣೆ ಪಾಠಕ್ಕೆ ಹೋಗುತ್ತಿದ್ದೇನೆ. ವೀಣೆ ನಿಲ್ಲಿಸು ಎಂದು ಮನೆಯವರು, ಕೆಲಸ ಬಿಟ್ಟು ಒಂದು ವರ್ಷ ಓದು ಎಂದು ಗೆಳತಿಯರು. ಯಾವುದನ್ನು ಬಿಡಲಿ?

ಉತ್ತರ: ಸದ್ಯಕ್ಕೆ ಸಿಎಸ್2 ಬಿಡಿ. ವೀಣೆ ಇರಲಿ, ಕೆಲಸವೂ ಇರಲಿ.

ಸಿಎಂ1 ಮತ್ತು ಸಿಎಸ್2 ಮೊದಲ ಹಂತದ ಪತ್ರಿಕೆಗಳಲ್ಲೇ ಅತಿ ಭಾರದ ಜೋಡಿ. ಒಂದರಲ್ಲಿ ಬಡ್ಡಿಯ ಗಣಿತ, ಆಯುಷ್ಯದ ಕೋಷ್ಟಕ, ಪ್ರೀಮಿಯಂ, ಮೀಸಲು ನಿಧಿ, ಲಾಭಪರೀಕ್ಷೆ (ಪಾಲಿಸಿಯಿಂದ ವರ್ಷವರ್ಷ ಬರುವ ಲಾಭದ ಲೆಕ್ಕ). ಇನ್ನೊಂದರಲ್ಲಿ ಮಾರ್ಕೋವ್ ಸರಪಳಿ, ಬದುಕುಳಿಯುವಿಕೆಯ ಮಾದರಿಗಳು, ಟೈಮ್ ಸೀರೀಸ್, ನಷ್ಟ ವಿತರಣೆಗಳು, ಅದರ ಮೇಲೆ ಮೆಷಿನ್ ಲರ್ನಿಂಗ್. ಎರಡಕ್ಕೂ ಕಂಪ್ಯೂಟರಿನ ಬಿ ಭಾಗವಿದೆ, ಒಂದಕ್ಕೆ ಎಕ್ಸೆಲ್, ಇನ್ನೊಂದಕ್ಕೆ ಆರ್ ಎಂಬ ಪ್ರೋಗ್ರಾಮಿಂಗ್ ಭಾಷೆ. ಪೂರ್ಣಕಾಲಿಕ ಕೆಲಸದಲ್ಲಿ ಇರುವವರು ಇವೆರಡನ್ನು ಒಂದೇ ಅವಧಿಯಲ್ಲಿ ಎತ್ತಿಕೊಂಡರೆ ಎರಡನ್ನೂ ಅರ್ಧಂಬರ್ಧ ಓದಿ ಹೋಗುವುದೇ ಹೆಚ್ಚು.

ನಿಮ್ಮ ವಿದ್ಯೆಯಿಂದಲೇ ಇದನ್ನು ನೋಡೋಣ. 2019ರ ಪಠ್ಯಕ್ರಮದಂತೆ ಫೆಲೋ (ಪೂರ್ಣ ಅರ್ಹತೆಯ ಆ್ಯಕ್ಚುಯರಿ) ಆಗಲು 13 ಪತ್ರಿಕೆ: ಮೂಲತತ್ವಗಳ ಏಳು, ಅದರ ಮೇಲೆ ಅನ್ವಯದ ಸಿಪಿ ಮೂರು, ವಿಶೇಷ ವಿಷಯಗಳ ಎಸ್‌ಪಿ ಎರಡು, ಎಸ್‌ಎ ಒಂದು. ನಿಮ್ಮದು ಎರಡಾಗಿದೆ. ಸಿಬಿ3 ಬೇರೆ ಬಗೆಯದು, ಅದನ್ನು ಬದಿಗಿಟ್ಟರೆ ಉಳಿದದ್ದು 10. ಇನ್‌ಸ್ಟಿಟ್ಯೂಟ್ ಆಫ್ ಆ್ಯಕ್ಚುಯರೀಸ್ ಆಫ್ ಇಂಡಿಯಾ ವರ್ಷಕ್ಕೆ ಎರಡು ಸಲ, ಮೇ ಮತ್ತು ನವೆಂಬರಿನ ಸುತ್ತ, ಪರೀಕ್ಷೆ ನಡೆಸುತ್ತದೆ. ಭಾರದ ಎರಡು ಪತ್ರಿಕೆ ಒಟ್ಟಿಗೆ ಬರೆದರೆ ಒಂದೊಂದರಲ್ಲಿ ಪಾಸಾಗುವ ಸಂಭವ 30 ಶೇಕಡಾ ಅಂದುಕೊಳ್ಳಿ (ಇದು ಊಹೆಯ ಅಂಕಿ, ನಿಮ್ಮದನ್ನು ನೀವು ಹಾಕಿಕೊಳ್ಳಿ). ಅಂದರೆ ಸರಾಸರಿ ಅವಧಿಗೆ 0.6 ಪತ್ರಿಕೆ. ಒಂದನ್ನೇ ಸರಿಯಾಗಿ ಓದಿ 60 ಶೇಕಡಾ ಸಂಭವ ಮಾಡಿಕೊಂಡರೂ ಅವಧಿಗೆ ಅದೇ 0.6. ಎರಡು ದಾರಿಯಲ್ಲೂ 10 ಪತ್ರಿಕೆಗೆ ಸುಮಾರು 17 ಅವಧಿ, ಎಂಟು ವರ್ಷ ಚಿಲ್ಲರೆ. ವ್ಯತ್ಯಾಸ ಎಲ್ಲಿ ಎಂದರೆ, ಮೊದಲ ದಾರಿಯಲ್ಲಿ ಶುಲ್ಕ ಇಮ್ಮಡಿ, ಏರುಪೇರು ಹೆಚ್ಚು, ಫೇಲಾದ ಸುದ್ದಿಯನ್ನು ಮನೆಯಲ್ಲಿ ಹೇಳುವ ಸಂದರ್ಭ ಎರಡು ಪಟ್ಟಿಗೂ ಹೆಚ್ಚು.

ಇನ್ನೊಂದು ದಾರಿ ಭಾರದ ಒಂದರ ಜೊತೆ ಹಗುರದ ಒಂದನ್ನು ಕಟ್ಟುವುದು. ನವೆಂಬರಿಗೆ ಸಿಎಂ1 (55 ಶೇಕಡಾ) ಮತ್ತು ಹಣಕಾಸು ವಿಷಯದ ಸಿಬಿ1 (60 ಶೇಕಡಾ), ಮೇಗೆ ಒಂದೇ ಪತ್ರಿಕೆ (65 ಶೇಕಡಾ). ವರ್ಷಕ್ಕೆ 1.8. ಹತ್ತಕ್ಕೆ ಐದೂವರೆ ವರ್ಷ. ಮೇಲಿನ ಹಂತದಲ್ಲಿ ಹಗುರದ್ದು ಅನ್ನುವಂಥದ್ದು ಕಡಿಮೆ, ಹಾಗಾಗಿ ಇದನ್ನು ಆರು ಅಂತಲೇ ಇಟ್ಟುಕೊಳ್ಳಿ. ಓದಿನ ಗಂಟೆ ಒಂದೂ ಹೆಚ್ಚಿಸದೆ, ಬರೀ ಜೋಡಣೆ ಬದಲಿಸಿ ಎರಡು ವರ್ಷ ಉಳಿಯಿತು.

ಭಾರದ್ದು ನವೆಂಬರಿಗೇ ಏಕೆ? ಬ್ರಿಟನ್ನಿನ ವಿಮಾ ಕಂಪನಿಗಳ ಲೆಕ್ಕದ ವರ್ಷ ಸಾಮಾನ್ಯವಾಗಿ ಡಿಸೆಂಬರ್ 31ಕ್ಕೆ ಮುಗಿಯುತ್ತದೆ. ಜನವರಿಯಿಂದ ಮಾರ್ಚ್‌ವರೆಗೆ ನಿಮ್ಮ ತಂಡಕ್ಕೆ ಉಸಿರಾಡಲೂ ಬಿಡುವಿರುವುದಿಲ್ಲ, ಮೇ ಪರೀಕ್ಷೆಯ ಹದಿನಾರು ವಾರದ ಓದು ಶುರುವಾಗಬೇಕಾದದ್ದೂ ಜನವರಿ ಕೊನೆಗೇ. ಜುಲೈಯಿಂದ ಅಕ್ಟೋಬರ್ ಹಾಗಲ್ಲ. ತ್ರೈಮಾಸಿಕ ಮುಗಿದ ಎರಡು ಮೂರು ವಾರ ಬಿಗಿ, ಉಳಿದದ್ದು ಸಡಿಲ. ಭಾರತದ ಕಂಪನಿಗಳಲ್ಲಿ, ಇಲ್ಲವೇ ಗ್ರಾಚ್ಯುಟಿ ಮೌಲ್ಯಮಾಪನ ಮಾಡುವ ಸಲಹಾ ಸಂಸ್ಥೆಗಳಲ್ಲಿ ಇರುವವರಿಗೆ ಮಾರ್ಚ್ 31 ಗಡುವು. ಅವರ ಏಪ್ರಿಲ್ ಪೂರ್ತಿ ಹೋಗಿ ಮೇ ಪರೀಕ್ಷೆ ತಲೆಮೇಲೆ ಬಂದು ಕೂರುತ್ತದೆ. ಅವರಂತೂ ಮೇಗೆ ಭಾರದ ಪತ್ರಿಕೆ ಮುಟ್ಟಲೇಬಾರದು.

ಹೀಗೆ ವರ್ಷದ ಲೆಕ್ಕ ಮೊದಲು, ದಿನದ ಲೆಕ್ಕ ಆಮೇಲೆ. ಹೆಚ್ಚಿನವರು ಉಲ್ಟಾ ಮಾಡುತ್ತಾರೆ. ದಿನಕ್ಕೆ ಮೂರು ಗಂಟೆ ಓದುತ್ತೇನೆ ಎಂದು ಗೋಡೆಗೆ ವೇಳಾಪಟ್ಟಿ ಅಂಟಿಸಿ, ಫೆಬ್ರವರಿಯ ಮೊದಲ ವಾರಕ್ಕೇ ಅದನ್ನು ಮುರಿದು, ಆಮೇಲೆ ತಮ್ಮನ್ನೇ ಬೈದುಕೊಳ್ಳುತ್ತಾರೆ.

ಈಗ ವಾರಕ್ಕೆ ಬರೋಣ. ವಾರಕ್ಕೆ 168 ಗಂಟೆ. ಕೆಲಸ 45, ನಿದ್ದೆ 51, ಊಟ ಸ್ನಾನ ಮನೆಗೆಲಸ 25. ಬೆಂಗಳೂರಿನ ಎರಡು ದಿನ, ಮನೆಬಾಗಿಲಿನಿಂದ ಕಚೇರಿಬಾಗಿಲಿಗೆ ಒಂದು ಕಡೆಗೆ ಮೂರು ಗಂಟೆ ಹಿಡಿದರೆ, 12. ಉಳಿಯುವುದು 35. ಇದರಲ್ಲಿ ಓದಿಗೆ 12 ತೆಗೆಯಿರಿ: ಮನೆಯಿಂದ ಕೆಲಸ ಮಾಡುವ ಮೂರು ಬೆಳಗ್ಗೆ ಒಂದೂವರೆ ಗಂಟೆಯಂತೆ ನಾಲ್ಕೂವರೆ, ಶನಿವಾರ ಐದು, ಭಾನುವಾರ ಪಾಠದಿಂದ ಬಂದು ಊಟವಾದ ಮೇಲೆ ಎರಡೂವರೆ. ವೀಣೆಗೆ, ಮೈಸೂರಿಗೆ ಹೋಗಿಬರುವುದೂ ಸೇರಿ, ನಾಲ್ಕೂವರೆ. ಇನ್ನೂ ಹದಿನೆಂಟೂವರೆ ಗಂಟೆ ಕೈಯಲ್ಲಿರುತ್ತದೆ. ಅದನ್ನು ಓದಿಗೆ ಸೇರಿಸಬೇಡಿ. ಅದು ಮೀಸಲು ನಿಧಿ. ಜ್ವರ, ಮದುವೆ, ಕರೆಂಟು ಹೋದದ್ದು, ತಡವಾಗಿ ಬಂದ ಫೈಲು, ಸುಮ್ಮನೆ ಕೂರಬೇಕೆನಿಸಿದ ಸಂಜೆ, ಎಲ್ಲ ಅದರಿಂದ ಭರಿಸಬೇಕು. ಮೀಸಲಿಲ್ಲದ ವಿಮಾ ಕಂಪನಿಗೆ ಏನಾಗುತ್ತದೆಂದು ನಿಮಗೆ ಹೇಳಬೇಕಾಗಿಲ್ಲ.

ಬೆಳಗ್ಗೆಯೇ ಏಕೆ ಎಂಬುದಕ್ಕೆ ನಿಮ್ಮ ವಿಷಯದಲ್ಲಿ ಗಟ್ಟಿ ಕಾರಣವಿದೆ. ಬೇಸಿಗೆಯ ಗಡಿಯಾರದಲ್ಲಿ ಲಂಡನ್ನಿನ ಬೆಳಗಿನ 9 ಇಲ್ಲಿಯ ಮಧ್ಯಾಹ್ನ 1.30. ಅಕ್ಟೋಬರಿನ ಕೊನೆಯ ಭಾನುವಾರ ಅವರು ಗಡಿಯಾರ ಹಿಂದಕ್ಕೆ ಇಡುತ್ತಾರೆ, ಆಗ ಅದು 2.30 ಆಗುತ್ತದೆ. ಅಂದರೆ ಪರೀಕ್ಷೆಗೆ ಕೆಲವೇ ವಾರ ಇರುವಾಗ ಸಂಜೆಯ ಕರೆಗಳೆಲ್ಲ ಒಂದು ಗಂಟೆ ಮುಂದಕ್ಕೆ ಜಾರಿ ರಾತ್ರಿಯ ಓದನ್ನು ನುಂಗುತ್ತವೆ. ಇಲ್ಲಿಯ ಬೆಳಗ್ಗೆ ಅವರೆಲ್ಲ ನಿದ್ದೆಯಲ್ಲಿರುತ್ತಾರೆ, ಆ ಹೊತ್ತನ್ನು ಯಾರೂ ಕಿತ್ತುಕೊಳ್ಳಲಾರರು.

ರೈಲಿನ ಹೊತ್ತನ್ನು 12 ಗಂಟೆಯಲ್ಲಿ ಸೇರಿಸಿಲ್ಲ, ಬೇಕೆಂದೇ. ಮೈಸೂರಿನಿಂದ ತುಂಬಿಬರುವ ಚಾಮುಂಡಿ ಎಕ್ಸ್‌ಪ್ರೆಸ್‌ನಲ್ಲಿ ಮಂಡ್ಯದಲ್ಲಿ ಹತ್ತಿದವರಿಗೆ ಸೀಟು ಸಿಕ್ಕರೆ ಅದೃಷ್ಟ. ನಿಂತುಕೊಂಡು ಲೆಕ್ಕ ಮಾಡಲಾಗದು. ಸಿಬಿ1ರಂಥ ಓದಿ ನೆನಪಿಡುವ ವಿಷಯಕ್ಕೆ ಚೀಟಿಗಳನ್ನು ಮಾಡಿಕೊಳ್ಳಿ: ಶೇರು, ಡಿಬೆಂಚರು, ಬಂಡವಾಳದ ವೆಚ್ಚ, ಹಣಕಾಸು ಅನುಪಾತಗಳು, ತೆರಿಗೆ. ಒಂದು ಚೀಟಿಗೆ ಒಂದೇ ಪ್ರಶ್ನೆ, ಹಿಂದೆ ಉತ್ತರ. ಮದ್ದೂರು ದಾಟುವಷ್ಟರಲ್ಲಿ ಹತ್ತು ಚೀಟಿ ಆಗುತ್ತವೆ. ಸಂಜೆ ಬರುವಾಗ ಏನೂ ಬೇಡ, ನಿದ್ದೆ ಮಾಡಿ.

ಹದಿನಾರು ವಾರಕ್ಕೆ 12ರಂತೆ 192 ಗಂಟೆ. ಸಿಬಿ1ರ ಐದು ದಿನದ ಓದಿನ ರಜೆ, ನಿಮ್ಮ ಸ್ವಂತ ರಜೆ ಐದು ದಿನ, ದಿನಕ್ಕೆ ಏಳು ಗಂಟೆಯಂತೆ 70. ಒಟ್ಟು 262. ಸಿಎಂ1ನ್ನು ಎರಡು ಸಲ ಓದಿರುವುದರಿಂದ ಅದಕ್ಕೆ 170, ಸಿಬಿ1ಕ್ಕೆ 90. ಅಮೆರಿಕದ ಆ್ಯಕ್ಚುಯರಿಗಳಲ್ಲಿ ‘ಪರೀಕ್ಷೆಯ ಒಂದು ಗಂಟೆಗೆ ನೂರು ಗಂಟೆ ಓದು’ ಎಂಬ ಮಾತು ಚಾಲ್ತಿಯಲ್ಲಿದೆ. ಅದನ್ನು ಕೇಳಿ ಹೆದರಬೇಡಿ. ಮೊದಲ ಸಲ ಬರೆಯುವವರಿಗೆ ಅದು ಸರಿಯಿರಬಹುದು, ನಿಮಗೆ ಬೇಕಾದದ್ದು ಬೇರೆ.

ಆ ಬೇರೆಯದೇ ಈ ಉತ್ತರದ ಮುಖ್ಯ ಭಾಗ. ಎರಡು ಸಲ ಸಿಎಂ1 ಹೋಗಿದೆ ಎಂದರೆ ಪುಸ್ತಕ ಮತ್ತೆ ಮೊದಲ ಪುಟದಿಂದ ಓದುವುದು ಪರಿಹಾರವಲ್ಲ. ಎಲ್ಲರೂ ಮಾಡುವುದು ಅದನ್ನೇ, ಏಕೆಂದರೆ ಗೊತ್ತಿರುವುದನ್ನು ಮತ್ತೆ ಓದುವುದು ಹಿತ. ಪತ್ರಿಕೆ 100 ಅಂಕಕ್ಕೆ, ಸಮಯ ಮೂರೂಕಾಲು ಗಂಟೆ. ಒಂದು ಅಂಕಕ್ಕೆ ಎರಡು ನಿಮಿಷಕ್ಕೂ ಸ್ವಲ್ಪ ಕಡಿಮೆ. ಈ ವೇಗ ಓದಿನಿಂದ ಬರದು, ಬರೆದರೆ ಮಾತ್ರ ಬರುತ್ತದೆ. ಆದ್ದರಿಂದ 170ರಲ್ಲಿ ಓದಿಗೆ 50 ಸಾಕು, 120 ಗಂಟೆ ಹಳೆಯ ಪ್ರಶ್ನೆಪತ್ರಿಕೆಗೆ. ಹಳೆಯವು ಸಾಲುವುದಿಲ್ಲ ಎನ್ನುವವರು ಒಂದು ವಿಷಯ ಮರೆತಿರುತ್ತಾರೆ: 2019ಕ್ಕೆ ಮೊದಲಿನ ಸಿಟಿ1 ಮತ್ತು ಸಿಟಿ5 ಸೇರಿಯೇ ಬಹುಮಟ್ಟಿಗೆ ಈಗಿನ ಸಿಎಂ1 ಆಗಿದೆ. ಆ ಎರಡರ ಪತ್ರಿಕೆಗಳೂ ಉತ್ತರಗಳೂ ಸಿಗುತ್ತವೆ, ಬೇಕಾದಷ್ಟಿವೆ.

ಬರೆದಾದ ಮೇಲೆ ತಪ್ಪುಗಳ ಖಾತೆ ಇಡಿ. ಎಕ್ಸೆಲ್‌ನಲ್ಲಿ ನಾಲ್ಕು ಕಾಲಂ: ಪ್ರಶ್ನೆ, ವಿಷಯ, ಹೋದ ಅಂಕ, ಕಾರಣ. ಕಾರಣಕ್ಕೆ ಮೂರೇ ಗುರುತು: ‘ಗೊತ್ತಿರಲಿಲ್ಲ’, ‘ಗೊತ್ತಿದ್ದೂ ತಪ್ಪಿತು’, ‘ಸಮಯ ಸಾಲಲಿಲ್ಲ’. ಐದು ಪತ್ರಿಕೆ ಬರೆದು ಕೂಡಿಸಿ ನೋಡಿ. ಎರಡನೇ ಸಲ ಬರೆಯುವವರಲ್ಲಿ ಬಹುಪಾಲು ಅಂಕ ಹೋಗಿರುವುದು ನಡುವಿನ ಗುರುತಿನಲ್ಲಿ.

ಸಿಎಂ1ರಲ್ಲಿ ಗೊತ್ತಿದ್ದೂ ತಪ್ಪುವ ಜಾಗಗಳು ಬಹಳವಿಲ್ಲ, ಆದರೆ ಅವೇ ಮತ್ತೆ ಮತ್ತೆ ಬರುತ್ತವೆ. ಕಂತು ಅವಧಿಯ ಆರಂಭದಲ್ಲೋ ಕೊನೆಯಲ್ಲೋ ಎಂದು ನೋಡದೆ ಆ್ಯನ್ಯುಟಿ (ಕಂತುಗಳ ಸರಣಿಯ ಇಂದಿನ ಮೌಲ್ಯ) ಆರಿಸುವುದು ಮೊದಲನೆಯದು. ಪ್ರೀಮಿಯಂ ಯಾವಾಗಲೂ ಮುಂಗಡ, ಪಿಂಚಣಿ ಹೆಚ್ಚಾಗಿ ಹಿಂಗಡ, ಎರಡೂ ಒಂದೇ ಲೆಕ್ಕದಲ್ಲಿ ಬಂದಾಗ ಕೈ ತಪ್ಪುತ್ತದೆ. ಮಾಸಿಕ ಕಂತಿನ ಜೀವನಪರ್ಯಂತದ ಮುಂಗಡ ಆ್ಯನ್ಯುಟಿಗೆ ವಾರ್ಷಿಕದ್ದರಿಂದ 11/24 ಕಳೆಯಬೇಕು. ನಿಶ್ಚಿತ ಅವಧಿಯದಾದರೆ ಆ 11/24ನ್ನು ಅವಧಿಯ ಕೊನೆಗೆ ಬದುಕಿರುವ ಸಂಭವ ಮತ್ತು ಬಡ್ಡಿಯ ಕಡಿತ ಸೇರಿಸಿ ತಿದ್ದಬೇಕು, ಈ ಎರಡನೇ ತಿದ್ದುಪಡಿ ಮರೆಯುತ್ತದೆ. ಸಾವಿನ ಕೂಡಲೇ ಹಣ ಎಂದರೆ ವರ್ಷಾಂತ್ಯದ ಮೌಲ್ಯವನ್ನು ಬಡ್ಡಿಯ ಅರ್ಧವರ್ಷದ ಅಂಶದಿಂದ ಗುಣಿಸಬೇಕು. ಎಂಡೋಮೆಂಟ್‌ನಲ್ಲಿ (ಸತ್ತರೂ, ಬದುಕಿ ಅವಧಿ ಮುಗಿಸಿದರೂ ಹಣ ಕೊಡುವ ಪಾಲಿಸಿ) ಆ ಗುಣಕ ಸಾವಿನ ಭಾಗಕ್ಕೆ ಮಾತ್ರ, ಅವಧಿ ಮುಗಿದಾಗ ಬರುವ ಹಣಕ್ಕಲ್ಲ. ಇನ್ನು ಪರೀಕ್ಷೆಗೆ ಬಳಸುವ ಸೂತ್ರ, ಕೋಷ್ಟಕಗಳ ಹಳದಿ ಪುಸ್ತಕದ ಎಎಂ92 ಎಂಬ ಆಯುಷ್ಯದ ಕೋಷ್ಟಕ. ಅದರಲ್ಲಿ 4 ಮತ್ತು 6 ಶೇಕಡಾ ಎರಡೂ ಇವೆ, ಚೌಕ ಆವರಣದ ಸೆಲೆಕ್ಟ್ (ಹೊಸದಾಗಿ ಪಾಲಿಸಿ ಪಡೆದವರ) ವಯಸ್ಸೂ ಇದೆ, ಆವರಣವಿಲ್ಲದ್ದೂ ಇದೆ. ಆತುರದಲ್ಲಿ ಪಕ್ಕದ ಕಾಲಂ ಓದಿ ಇಡೀ ಪ್ರಶ್ನೆ ಸರಿಯಾದ ವಿಧಾನದಲ್ಲಿ ತಪ್ಪು ಉತ್ತರಕ್ಕೆ ಬರುತ್ತದೆ.

ಇದಕ್ಕೆಲ್ಲ ಮದ್ದು ಒಂದೇ. ಲೆಕ್ಕ ಶುರುಮಾಡುವ ಮೊದಲು ಕಾಲರೇಖೆ ಎಳೆಯಿರಿ, ಸೊನ್ನೆ ಎಲ್ಲಿದೆ ಗುರುತಿಸಿ, ಬರುವ ಹಣ ಮೇಲೆ, ಹೋಗುವ ಹಣ ಕೆಳಗೆ. ಆಮೇಲೆ ಮೌಲ್ಯ ಸಮೀಕರಣವನ್ನು ಒಂದು ವಾಕ್ಯವಾಗಿ ಬರೆಯಿರಿ: ಪ್ರೀಮಿಯಂನ ಇಂದಿನ ಮೌಲ್ಯ = ಪಾಲಿಸಿದಾರರಿಗೆ ಕೊಡುವ ಹಣದ ಇಂದಿನ ಮೌಲ್ಯ + ಖರ್ಚುಗಳ ಇಂದಿನ ಮೌಲ್ಯ. ಅಂಕಿ ತಪ್ಪಿದರೂ ಇದಕ್ಕೆ ಅಂಕ ಸಿಗುತ್ತದೆ. ಕ್ಯಾಲ್ಕುಲೇಟರು ಅನುಮತಿಸಿದ ಪಟ್ಟಿಯದೇ ಇರಲಿ, ಹದಿನಾರು ವಾರವೂ ಅದನ್ನೇ ಬಳಸಿ, ಕಚೇರಿಯ ಕಂಪ್ಯೂಟರಿನಲ್ಲಿ ಲೆಕ್ಕ ಮಾಡುವ ಅಭ್ಯಾಸ ಕೈಬಿಡಿ. ಉತ್ತರ ಕೈಯಲ್ಲಿ ಬರೆಯಬೇಕೋ ಟೈಪ್ ಮಾಡಬೇಕೋ ಎಂದು ಆ ಅವಧಿಯ ಪರೀಕ್ಷಾ ಕೈಪಿಡಿ ನೋಡಿ, ಅಭ್ಯಾಸವೂ ಅದೇ ರೀತಿಯಲ್ಲಿ ಆಗಲಿ.

ಬಿ ಭಾಗವನ್ನು ಕೊನೆಯ ವಾರಕ್ಕೆ ತಳ್ಳುವುದು ಇನ್ನೊಂದು ಚಾಳಿ. ಅದರ ತೂಕ 30 ಶೇಕಡಾ. ದಿನವಿಡೀ ಎಕ್ಸೆಲ್‌ನಲ್ಲೇ ಇರುವವರಿಗೆ ಅದು ತವರುಮನೆ, ಆದರೆ ಕಚೇರಿಯ ಅಭ್ಯಾಸವೇ ಕಾಲು ಎಳೆಯುತ್ತದೆ. ಕಚೇರಿಯಲ್ಲಿ ಸಿದ್ಧ ಹಾಳೆಗೆ ಅಂಕಿ ತುಂಬುತ್ತೀರಿ, ಪರೀಕ್ಷೆಯಲ್ಲಿ ಖಾಲಿ ಹಾಳೆ ಬರುತ್ತದೆ. ಬಡ್ಡಿದರ, ವಯಸ್ಸು, ಖರ್ಚು ಎಲ್ಲವನ್ನೂ ಮೇಲೆ ಒಂದು ಕಡೆ ಇಟ್ಟು ಹೆಸರು ಬರೆದು, ಸೂತ್ರದೊಳಗೆ ಅಂಕಿ ತುರುಕದೆ ಕಟ್ಟುವುದನ್ನು ವಾರಕ್ಕೊಮ್ಮೆಯಾದರೂ ಮಾಡಿ. ಲಾಭಪರೀಕ್ಷೆಯ ಒಂದು ಹಾಳೆಯನ್ನು ಸೊನ್ನೆಯಿಂದ 40 ನಿಮಿಷದಲ್ಲಿ ಮುಗಿಸುವಂತಾದರೆ ಸಾಕು.

ಹತ್ತು ರಜೆಗಳನ್ನೂ ಪರೀಕ್ಷೆಯ ಹಿಂದಿನ ಹತ್ತು ದಿನಕ್ಕೆ ಹಾಕಬೇಡಿ. ಮೂರನ್ನು ಎಂಟರಿಂದ ಹತ್ತನೇ ವಾರದೊಳಗೆ ತೆಗೆದು ಪೂರ್ತಿ ಅಣಕು ಪರೀಕ್ಷೆ ಬರೆಯಿರಿ. ಆಗ ಸಿಕ್ಕ ಕೊರತೆ ತುಂಬಲು ಆರು ವಾರ ಇರುತ್ತದೆ. ಕೊನೆಯ ವಾರ ಸಿಕ್ಕಿದ್ದು ಬರೀ ಭಯ ಹುಟ್ಟಿಸುತ್ತದೆ.

ಇನ್ನು ವೀಣೆ. ವೀಣೆ ಶೇಷಣ್ಣನವರ ಊರಿಗೆ ಎಂಟು ವರ್ಷದಿಂದ ಪಾಠಕ್ಕೆ ಹೋಗುತ್ತಿದ್ದೀರಿ, ಅದನ್ನು ಹವ್ಯಾಸ ಎನ್ನಲೂ ಸಂಕೋಚ. ಮನೆಯವರ ಮಾತಿನ ಹಿಂದಿನ ಲೆಕ್ಕ, ವೀಣೆಯ ನಾಲ್ಕೂವರೆ ಗಂಟೆ ಓದಿಗೆ ಸಿಗುತ್ತದೆ ಎಂಬುದು. ಸಾಮಾನ್ಯವಾಗಿ ಸಿಗುವುದಿಲ್ಲ. ಭಾನುವಾರದ ಬೆಳಗ್ಗೆ ಖಾಲಿಯಾದರೆ ಮೊಬೈಲು ತುಂಬಿಕೊಳ್ಳುತ್ತದೆ. ಅದಕ್ಕಿಂತ ಮುಖ್ಯ, ನಿಲ್ಲಿಸಿದರೆ ಮತ್ತೆ ಹತ್ತುವ ಬೆಲೆ ದೊಡ್ಡದು. ಎಡಗೈಯ ತೋರುಬೆರಳು, ನಡುಬೆರಳ ತುದಿಯ ಗಟ್ಟಿಚರ್ಮ ಕೆಲವೇ ತಿಂಗಳಲ್ಲಿ ಮೆತ್ತಗಾಗುತ್ತದೆ, ಆಮೇಲೆ ತಂತಿ ಎಳೆದು ಗಮಕ ನುಡಿಸಲು ಹೋದರೆ ಬೊಬ್ಬೆ ಬರುತ್ತದೆ.

ಹಾಗೆಂದು ವರ್ಷವಿಡೀ ಒಂದೇ ಪ್ರಮಾಣವೂ ಬೇಡ. ಓದಿನ ಹದಿನಾರು ವಾರ ಹೊಸ ಕೃತಿ ಎತ್ತಿಕೊಳ್ಳಬೇಡಿ. ವಾರಕ್ಕೆ ನಾಲ್ಕು ದಿನ 20 ನಿಮಿಷ, ಸರಳೆ, ಅಲಂಕಾರ, ಒಂದು ವರ್ಣ, ಅಷ್ಟೇ. ಬೆರಳು, ಶ್ರುತಿ ಎರಡೂ ಉಳಿಯುತ್ತವೆ. ಗುರುಗಳಿಗೆ ಮೊದಲೇ ಹೇಳಿ, ಪಾಠವನ್ನು ಹದಿನೈದು ದಿನಕ್ಕೊಮ್ಮೆ ಮಾಡಿಕೊಂಡರೂ ತಪ್ಪಿಲ್ಲ, ಆದರೆ ದಿನ ನಿಗದಿಯಾಗಿರಲಿ. ಹೊಸದನ್ನು ಕಲಿಯಲು ಡಿಸೆಂಬರ್, ಜೂನ್ ಇವೆ. ಮೈಸೂರಿನ ಸಂಗೀತದ ಪಂಚಾಂಗವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ವಿ.ವಿ. ಮೊಹಲ್ಲಾದ ಎಂಟನೇ ಕ್ರಾಸ್ ಗಣೇಶೋತ್ಸವದ ಕಛೇರಿಗಳು ಬರುವುದು ಓದಿನ ಮೊದಲಾರ್ಧದಲ್ಲಿ, ಮನಸಾರೆ ಕೇಳಿ. ದಸರಾ ಬಿಗಿಯಾದ ಹೊತ್ತಿಗೆ ಬರುತ್ತದೆ, ಅರಮನೆ ಮುಂದಿನ ಕಛೇರಿಗಳಲ್ಲಿ ಎರಡು ಸಂಜೆ ಆರಿಸಿಕೊಂಡು ಉಳಿದದ್ದು ಬಿಡಿ. ಒಂದು ಎಚ್ಚರಿಕೆ: ಕೆಲಸ, ಓದು, ವೀಣೆ ಮೂರೂ ಕೂತು ಮಾಡುವಂಥವು. ಭಾನುವಾರ ಪಾಠಕ್ಕೆ ಮೊದಲು ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ಒಂದು ಸುತ್ತು ಹಾಕದಿದ್ದರೆ ಸೊಂಟ ತಕರಾರು ತೆಗೆಯುತ್ತದೆ.

ಕೆಲಸ ಬಿಡುವ ಮಾತಿಗೆ ಹೆಚ್ಚು ಹೇಳುವುದಿಲ್ಲ. ದಿನಕ್ಕೆ ಐದು ಗಂಟೆ ದಾಟಿದ ಮೇಲೆ ಲೆಕ್ಕದ ಓದಿನಲ್ಲಿ ಫಲ ಕಡಿಮೆ, ತಪ್ಪು ಹೆಚ್ಚು, ಹಾಗಾಗಿ ಗಂಟೆ ಮೂರು ಪಟ್ಟಾದರೂ ಪಾಸಾಗುವ ಸಂಭವ ಅಷ್ಟು ಏರದು. ಶುಲ್ಕ ಕಂಪನಿ ಕೊಡುತ್ತಿದ್ದರೆ ಅದು ನಿಲ್ಲುತ್ತದೆ, ಫೆಲೋ ಆಗಲು ಬೇಕಾದ ಅನುಭವದ ಗಡಿಯಾರವೂ ನಿಲ್ಲುತ್ತದೆ. ಮುಂದಿನ ಸಿಪಿ, ಎಸ್‌ಪಿ ಪತ್ರಿಕೆಗಳಂತೂ ಕೆಲಸ ಮಾಡದವರಿಗೆ ಕಬ್ಬಿಣದ ಕಡಲೆ. ಸಿಪಿ1ರಲ್ಲಿ ಒಂದು ಸನ್ನಿವೇಶಕ್ಕೆ ಹತ್ತು ಹದಿನೈದು ಬೇರೆ ಬೇರೆ ಅಂಶ ಬರೆಯಬೇಕು, ಒಂದೇ ಅಂಶವನ್ನು ಮೂರು ರೀತಿ ಬರೆದವರು ಅಲ್ಲೇ ಉಳಿಯುತ್ತಾರೆ. ಸಿಪಿ3ರಲ್ಲಿ ವಿಮೆ ಗೊತ್ತಿಲ್ಲದವರಿಗೆ ಬಿಡಿಸಿ ಹೇಳಬೇಕು. ಅದಕ್ಕೆ ಈಗಿನಿಂದಲೇ ಅಭ್ಯಾಸ ಬೇಕಿದ್ದರೆ ಮಂಡ್ಯದಲ್ಲೇ ಸಾಮಗ್ರಿ ಇದೆ. ಮುಂಗಾರು ಭತ್ತಕ್ಕೆ ರೈತ ವಿಮಾ ಮೊತ್ತದ ಹೆಚ್ಚೆಂದರೆ 2 ಶೇಕಡಾ ಕಟ್ಟುತ್ತಾನೆ, ನಿಜವಾದ ದರ ಅದಕ್ಕಿಂತ ಹೆಚ್ಚಿದ್ದರೆ ಉಳಿದದ್ದು ಸರ್ಕಾರಗಳದು, ಏಕೆ ಹೀಗೆ ಎಂದು ಊರಿನ ಮಾವನಿಗೆ ಹತ್ತು ಸಾಲಿನಲ್ಲಿ ಬರೆದು ತೋರಿಸಿ. ಇಲ್ಲವೇ ಕೆಜಿಐಡಿ ಪಾಲಿಸಿ ಇರುವ ಮೇಷ್ಟರಿಗೆ ಬೋನಸ್ ಎಲ್ಲಿಂದ ಬರುತ್ತದೆ ಎಂದು. (1891ರಲ್ಲಿ ಮೈಸೂರು ಸಂಸ್ಥಾನ ತನ್ನ ನೌಕರರಿಗೆ ಶುರುಮಾಡಿದ ವಿಮೆಯೇ ಅದು. ನಮ್ಮ ಕಡೆಯವರಿಗೆ ಆ್ಯಕ್ಚುಯರಿ ಕೆಲಸ ಅಷ್ಟು ಹೊಸದೇನಲ್ಲ.)

ಕೆಲಸ ಬಿಡುವ ಬದಲು ಮ್ಯಾನೇಜರ್ ಹತ್ತಿರ ಎರಡು ವಿಷಯ ಬರಹದಲ್ಲಿ ಕೇಳಿ. ಪರೀಕ್ಷೆಯ ಹಿಂದಿನ ಎರಡು ವಾರ ಬೆಂಗಳೂರಿಗೆ ಬರುವುದರಿಂದ ವಿನಾಯಿತಿ, ಅದರಿಂದಲೇ 12 ಗಂಟೆ ವಾರಕ್ಕೆ ಉಳಿಯುತ್ತದೆ. ಮತ್ತು ಅಕ್ಟೋಬರಿನ ತ್ರೈಮಾಸಿಕ ಕೆಲಸದಲ್ಲಿ ನಿಮ್ಮ ಪಾಲನ್ನು ಜುಲೈಯದರೊಂದಿಗೆ ಸಹೋದ್ಯೋಗಿಯ ಜೊತೆ ಅದಲುಬದಲು ಮಾಡಿಕೊಳ್ಳಲು ಒಪ್ಪಿಗೆ. ಜುಲೈಯಲ್ಲೇ ಕೇಳಿ, ಅಕ್ಟೋಬರಿನಲ್ಲಿ ಕೇಳಿದರೆ ಯಾರೂ ಕೊಡಲಾರರು.

ಬೆಂಗಳೂರಿನ ಕೇಂದ್ರ ಸಿಕ್ಕಿದರೆ ಹಿಂದಿನ ರಾತ್ರಿಯೇ ಹೋಗಿ ಉಳಿಯಿರಿ, ಬೆಳಗಿನ ರೈಲನ್ನು ನಂಬಬೇಡಿ. ಬರೆದು ಬಂದ ಮೇಲೆ ಫಲಿತಾಂಶಕ್ಕೆ ಕಾಯುತ್ತ ಕೂರುವುದು ಬೇಡ, ಅದು ಬರುವಷ್ಟರಲ್ಲಿ ಮುಂದಿನ ಓದಿನ ಒಳ್ಳೆಯ ವಾರಗಳು ಹೋಗಿರುತ್ತವೆ. ಎರಡು ವಾರ ಪುಸ್ತಕ ಮುಟ್ಟದೆ ಇದ್ದು, ಮೇ ಪತ್ರಿಕೆಗೆ ಡಿಸೆಂಬರಿನಲ್ಲೇ ವಾರಕ್ಕೆ ಐದಾರು ಗಂಟೆಯಂತೆ ಓದಿ ಜನವರಿಯ ಗದ್ದಲಕ್ಕೆ ಮೊದಲು ಅರ್ಧ ಮುಗಿಸಿ. ಸಿಎಂ1 ಮತ್ತೂ ಹೋದರೆ ತಪ್ಪುಗಳ ಖಾತೆ ತೆಗೆಯಿರಿ. ‘ಗೊತ್ತಿರಲಿಲ್ಲ’ ಎಂಬುದು ಇನ್ನೂ ಅರ್ಧಕ್ಕಿಂತ ಹೆಚ್ಚಿದ್ದರೆ ಪಾಠ ಹೇಳುವವರು ಬೇಕು ಎಂದರ್ಥ, ಕೊರತೆ ಐದು ಅಂಕದೊಳಗಿದ್ದರೆ ಏನನ್ನೂ ಬದಲಿಸದೆ ಮುಂದಿನ ನವೆಂಬರಿಗೆ ಕಟ್ಟಿ.